ಕ್ಯಾಲೊರಿ ಲೆಕ್ಕಕ್ಕೆ ಆ್ಯಪ್ ಬೇಡ, ತಿಂಗಳ ದಿನಸಿ ಚೀಟಿ ಸಾಕು

ಕ್ಯಾಲೊರಿ ಎಣಿಸುವ ಆ್ಯಪನ್ನು ನಾನೂ ಒಮ್ಮೆ ಮೊಬೈಲಿಗೆ ಹಾಕಿಕೊಂಡಿದ್ದೆ. ಮೂರನೆಯ ದಿನ ಬಸ್ಸಾರಿನ ಮುಂದೆ ಸೋತೆ. ಸೊಪ್ಪೆಷ್ಟು, ಕಾಳೆಷ್ಟು, ಅದರಲ್ಲಿ ಕಟ್ಟಿನ ನೀರಿಗೆ ಇಳಿದದ್ದೆಷ್ಟು, ಬಸಿದ ಮೇಲೆ ಪಲ್ಯಕ್ಕೆ ಉಳಿದದ್ದೆಷ್ಟು, ರುಬ್ಬಿದ ತೆಂಗಿನಕಾಯಿಯಲ್ಲಿ ನನ್ನ ಪಾಲಿಗೆ ಬಂದದ್ದೆಷ್ಟು? ಅಡುಗೆ ಮಾಡಿದವರಿಗೇ ಗೊತ್ತಿರದ ಸಂಗತಿಯನ್ನು ಉಂಡವನನ್ನು ಕೇಳಿದರೆ ಹೇಗೆ? ಒಂದೇ ಪಾತ್ರೆಯಲ್ಲಿ ಬೇಯಿಸಿ, ಸೌಟಿನಲ್ಲಿ ಬಡಿಸಿ, ಸಾಲದಿದ್ದರೆ ಇನ್ನಷ್ಟು ಹಾಕಿಸಿಕೊಳ್ಳುವ ಮನೆಯಲ್ಲಿ ತಟ್ಟೆಯ ಲೆಕ್ಕ ಎಂದೂ ಕೂಡಿ ಬರುವುದಿಲ್ಲ.

ಕೂಡಿ ಬರುವ ಲೆಕ್ಕ ಬೇರೆ ಇದೆ. ಅದು ದಿನಸಿ ಅಂಗಡಿಯ ಚೀಟಿ. ಮನೆಯೊಳಗೆ ಬಂದ ಎಣ್ಣೆ, ಸಕ್ಕರೆ, ಅಕ್ಕಿ ತಿಂಗಳ ಕೊನೆಗೆ ಡಬ್ಬಿಯಲ್ಲಿ ಇಲ್ಲವೆಂದರೆ ಅವು ಹೋಗಿರುವ ಜಾಗ ಒಂದೇ. ಒಂದು ಹೊತ್ತಿನ ಊಟ ಯಾರನ್ನೂ ಕೆಡಿಸುವುದಿಲ್ಲ. ಹಬ್ಬದ ದಿನದ ಹೋಳಿಗೆಯೂ ಅಷ್ಟೇ. ವರ್ಷಗಟ್ಟಲೆ ಪ್ರತಿ ತಿಂಗಳೂ ಅದೇ ಚೀಟಿ ಬರೆಸುತ್ತೇವಲ್ಲ, ಸಕ್ಕರೆ ಕಾಯಿಲೆಗೂ ಹೃದಯದ ಕಾಯಿಲೆಗೂ ದಾರಿಯಾಗುವುದು ಅದು. ಆದ್ದರಿಂದ ತಿದ್ದಬೇಕಾದದ್ದೂ ಅದನ್ನೇ.

ಮೊದಲ ಹೆಜ್ಜೆ: ಚೀಟಿಯನ್ನು ಭಾಗಿಸಿ

ಕಳೆದ ಎರಡು ತಿಂಗಳ ಚೀಟಿ ಹುಡುಕಿ ತೆಗೆಯಿರಿ. ದಸರಾ, ದೀಪಾವಳಿ ಅಥವಾ ಮನೆಯಲ್ಲಿ ಮದುವೆ ಇದ್ದ ತಿಂಗಳು ಬೇಡ, ಅದು ಸುಳ್ಳು ಲೆಕ್ಕ ಕೊಡುತ್ತದೆ. ಒಂದು ಹಾಳೆಯಲ್ಲಿ ಐದೇ ಸಾಲು ಬರೆಯಿರಿ: ಎಣ್ಣೆ, ತುಪ್ಪ, ಬೆಣ್ಣೆ ಸೇರಿ ಒಂದು, ಸಕ್ಕರೆ ಮತ್ತು ಬೆಲ್ಲ ಸೇರಿ ಒಂದು, ಅಕ್ಕಿ, ರಾಗಿ, ಗೋಧಿ, ರವೆ, ಅವಲಕ್ಕಿ ಸೇರಿ ಒಂದು, ಬೇಳೆ ಕಾಳುಗಳದು ಒಂದು, ಉಪ್ಪು ಒಂದು. ತರಕಾರಿಯನ್ನು ತಳ್ಳುಗಾಡಿಯಲ್ಲಿ ಕೊಳ್ಳುವವರಿಗೆ ಚೀಟಿ ಸಿಗುವುದಿಲ್ಲ, ಒಂದು ವಾರ ತೂಕ ಬರೆದಿಟ್ಟರೆ ಸಾಕು. ನಾಲ್ವರ ಮನೆಯಾದರೆ ತಿಂಗಳಿಗೆ 120 ಆಳು-ದಿನ. ಪ್ರತಿ ಸಾಲಿನ ಒಂದು ತಿಂಗಳ ಸರಾಸರಿಯನ್ನು 120ರಿಂದ ಭಾಗಿಸಿದರೆ ಒಬ್ಬರ ಒಂದು ದಿನದ ಪಾಲು ಸಿಗುತ್ತದೆ.

ಅದನ್ನು ಹೋಲಿಸಿ ನೋಡಲು ಒಂದು ಅಳತೆಗೋಲು ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 2000 ಕ್ಯಾಲೊರಿಯ ಒಂದು ಮಾದರಿ ತಟ್ಟೆ ಇದೆ. ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಶೇಂಗಾದಂಥ ಎಣ್ಣೆಬೀಜಗಳು 35 ಗ್ರಾಂ, ಎಣ್ಣೆ ಮತ್ತು ಜಿಡ್ಡು 27 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿಲೀಟರ್. ಧಾನ್ಯ, ಬೇಳೆ ಎಲ್ಲವೂ ಬೇಯಿಸುವ ಮೊದಲಿನ ತೂಕ. ಹೊಲದಲ್ಲಿ ಮೈಮುರಿದು ದುಡಿಯುವವರಿಗೆ ಇದು ಸಾಲದು. ಕುರ್ಚಿಯಲ್ಲಿ ಕೂತು ದುಡಿಯುವ ನಮ್ಮಂಥವರಿಗೆ ಸಾಕು, ಕೆಲವರಿಗೆ ಹೆಚ್ಚೇ.

ನಮ್ಮ ಮನೆಯ ಲೆಕ್ಕ ಹೀಗೆ ಬಂತು. ಎಣ್ಣೆ 5 ಲೀಟರಿನ ಒಂದು ಕ್ಯಾನ್, ತುಪ್ಪ ಅರ್ಧ ಕಿಲೋ: ತಲೆಗೆ ದಿನಕ್ಕೆ 42 ಗ್ರಾಂ. ಎಲ್ಲ ಧಾನ್ಯ ಸೇರಿ 33 ಕಿಲೋ: ತಲೆಗೆ 275 ಗ್ರಾಂ. ಸಕ್ಕರೆ 3 ಕಿಲೋ, ಬೆಲ್ಲ 1 ಕಿಲೋ: 33 ಗ್ರಾಂ. ತೊಗರಿ, ಉದ್ದು, ಕಡಲೆ, ಹೆಸರು ಎಲ್ಲ ಸೇರಿ 4 ಕಿಲೋ: ತಲೆಗೆ 33 ಗ್ರಾಂ.

ಅಕ್ಕಿಯನ್ನು ಬೈಯಲು ತಯಾರಾಗಿ ಕೂತಿದ್ದವನು ನಾನು. ಚೀಟಿ ಬೇರೆಯೇ ಹೇಳಿತು. ಧಾನ್ಯದಲ್ಲಿ ಹೆಚ್ಚಾಗಿದ್ದದ್ದು 25 ಗ್ರಾಂ, ಎಂದರೆ 90 ಕ್ಯಾಲೊರಿಯ ಆಸುಪಾಸು. ಎಣ್ಣೆಯಲ್ಲಿ ಹೆಚ್ಚಾಗಿದ್ದದ್ದು 15 ಗ್ರಾಂ ಮಾತ್ರ, ಆದರೆ ಗ್ರಾಮಿಗೆ 9 ಕ್ಯಾಲೊರಿಯಂತೆ ಅದು 135 ಆಗುತ್ತದೆ. ಹಿಟ್ಟು, ಸಕ್ಕರೆ, ಪ್ರೋಟೀನ್ ಇವೆಲ್ಲ ಗ್ರಾಮಿಗೆ ಸುಮಾರು 4ರಂತೆ ನಡೆದರೆ ಎಣ್ಣೆ ಎರಡರಷ್ಟಕ್ಕೂ ಮೀರಿ ಓಡುತ್ತದೆ. ಇನ್ನು ಬೇಳೆಯ ಸಾಲು. 85 ಇರಬೇಕಾದಲ್ಲಿ 33. ದಿನವೂ ಸಾರು, ಹುಳಿ ಮಾಡುವ ಮನೆ, ಬೇಳೆಗೇನು ಕೊರತೆ ಎಂದುಕೊಂಡಿದ್ದೆವು. ಸಾರು ತೆಳ್ಳಗಿತ್ತು, ಅಷ್ಟೆ.

ಇಷ್ಟು ಸಣ್ಣ ಹೆಚ್ಚಳದಿಂದ ಏನಾಗುತ್ತದೆ

ದೇಹದ ಒಂದು ಕಿಲೋ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ ಎನ್ನುತ್ತಾರೆ. ಹಾಗೆ ನೋಡಿದರೆ ದಿನಕ್ಕೆ 135 ಹೆಚ್ಚಾದವನು ವರ್ಷಕ್ಕೆ 6 ಕಿಲೋ ಏರಬೇಕು. ಏರುವುದಿಲ್ಲ. ಮೈ ಭಾರವಾದಂತೆ ಅದನ್ನು ಹೊತ್ತು ತಿರುಗುವ ಖರ್ಚೂ ಹೆಚ್ಚುತ್ತದೆ, ಒಂದು ಹಂತದಲ್ಲಿ ಏರಿಕೆ ನಿಲ್ಲುತ್ತದೆ. ಆದರೆ ಅಲ್ಲಿಗೆ ಬರುವಷ್ಟರಲ್ಲಿ ಬೆಲ್ಟಿನ ತೂತು ಎರಡು ಮುಂದೆ ಹೋಗಿರುತ್ತದೆ. ಹೆಚ್ಚಿನ ಶಕ್ತಿಯನ್ನು ದೇಹ ಮೊದಲು ಚರ್ಮದ ಕೆಳಗೆ ಕೂಡಿಡುತ್ತದೆ. ಆ ಉಗ್ರಾಣ ತುಂಬಿದ ಮೇಲೆ ಯಕೃತ್ತಿಗೆ, ಮೇದೋಜೀರಕ ಗ್ರಂಥಿಗೆ ಕೊಬ್ಬು ನುಗ್ಗುತ್ತದೆ. ಅಲ್ಲಿಂದ ಇನ್ಸುಲಿನ್ನಿನ ಮಾತನ್ನು ದೇಹ ಕೇಳದಾಗುತ್ತದೆ.

ನಮ್ಮವರ ಉಗ್ರಾಣವೇ ಚಿಕ್ಕದು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಎಂಬ ಮೈಕಟ್ಟು ನಮ್ಮಲ್ಲಿ ಎಷ್ಟು ಸಾಮಾನ್ಯ ಎಂದು ಯಾವ ಮದುವೆ ಮನೆಯ ಪಂಕ್ತಿಯಲ್ಲಿ ಕೂತು ನೋಡಿದರೂ ತಿಳಿಯುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ 1954ರವರೆಗೆ ಹುಟ್ಟಿದ 517 ಜನರನ್ನು ಹಳೆಯ ಹೆರಿಗೆ ದಾಖಲೆ ಹಿಡಿದು ಸಂಶೋಧಕರು ಪತ್ತೆ ಹಚ್ಚಿ ಪರೀಕ್ಷಿಸಿದ್ದರು. 1996ರಲ್ಲಿ ಪ್ರಕಟವಾದ ಆ ಅಧ್ಯಯನ, ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲೇ ಮುಂದೆ ಹೃದಯದ ಕಾಯಿಲೆ ಹೆಚ್ಚು ಎಂದು ತೋರಿಸಿತು. ತಾಯಿಯ ಹೊಟ್ಟೆಯಲ್ಲಿ ಕಡಿಮೆಗೆ ಹೊಂದಿಕೊಂಡ ದೇಹಕ್ಕೆ ಆಮೇಲೆ ಬಂದ ಸಮೃದ್ಧಿ ಭಾರವಾಗುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಕೊಟ್ಟ ಅಂದಾಜಿನಂತೆ ಭಾರತದಲ್ಲಿ ಮಧುಮೇಹಿಗಳು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ.

ಎರಡನೆಯ ಹೆಜ್ಜೆ: ಟೇಪು ಹಿಡಿಯಿರಿ

ತೂಕದ ಯಂತ್ರಕ್ಕಿಂತ ದರ್ಜಿಯ ಟೇಪು ನಮಗೆ ಹೆಚ್ಚು ನಿಜ ಹೇಳುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಸಹಜವಾಗಿ ಬಿಟ್ಟಾಗ ಅಳೆಯಿರಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ, ನೋಡುವವರು ಯಾರೂ ಇಲ್ಲ. ಭಾರತೀಯರಿಗೆ ಗಡಿ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80. ಎತ್ತರಕ್ಕೆ ತಕ್ಕ ತೂಕವೇ ಎಂದು ನೋಡುವ ಬಿಎಂಐ ಲೆಕ್ಕದಲ್ಲೂ ನಮ್ಮವರ ಎಚ್ಚರಿಕೆಯ ಗೆರೆ 23ರಲ್ಲೇ ಇದೆ, ಪಾಶ್ಚಾತ್ಯರಂತೆ 25ರಲ್ಲಲ್ಲ. ಅಳತೆಯನ್ನು ಚೀಟಿಯ ಹಾಳೆಯ ಮೇಲೆಯೇ ದಿನಾಂಕ ಹಾಕಿ ಬರೆದಿಡಿ.

ಮೂರನೆಯ ಹೆಜ್ಜೆ: ಎಣ್ಣೆಗೆ ಮಿಳ್ಳೆ

ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಒಂದು ಭಾನುವಾರ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುವ ಮೊದಲು ಎಣ್ಣೆ ಬಾಟಲಿಯನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟೆ: 812 ಗ್ರಾಂ. ಎಂದಿನಂತೆ ಬಾಣಲೆಗೆ ಸುರಿದೆ. ಶೇಂಗಾ ಮುಳುಗಿ ಸಾಸಿವೆ ತೇಲುವಷ್ಟು. ನನ್ನ ಕಣ್ಣಂದಾಜಿನಲ್ಲಿ ಅದು ಎರಡು ದೊಡ್ಡ ಚಮಚ. ಮತ್ತೆ ತೂಗಿದೆ: 757. ಹೋದದ್ದು 55 ಗ್ರಾಂ, ಎಂದರೆ ನಾಲ್ಕು ಚಮಚ, ಸುಮಾರು 500 ಕ್ಯಾಲೊರಿ. ಬೆಳಗ್ಗೆ ಎಂಟು ಗಂಟೆಗೆ ಒಬ್ಬೊಬ್ಬರ ದಿನದ ಎಣ್ಣೆಯಲ್ಲಿ ಅರ್ಧ ಮುಗಿದಿತ್ತು. ನನ್ನ ಕಣ್ಣು ಸರಿಯಾಗಿ ದುಪ್ಪಟ್ಟು ತಪ್ಪಿತ್ತು.

ಹಳೆಯ ಮನೆಗಳಲ್ಲಿ ಅಕ್ಕಿಗೆ ಪಾವು ಇತ್ತು, ತುಪ್ಪಕ್ಕೆ ಮಿಳ್ಳೆ ಇತ್ತು. ಎಣ್ಣೆ ದುಬಾರಿಯಾದ್ದರಿಂದ ಅಳತೆ ಇತ್ತು, ಆರೋಗ್ಯದ ಚಿಂತೆಯಿಂದಲ್ಲ. ಅಗಲ ಬಾಯಿಯ ಕ್ಯಾನು ಬಂದ ಮೇಲೆ ಕೈ ಸಡಿಲವಾಯಿತು. ಹಾಗಾಗಿ ಮೊದಲ ಕೆಲಸ 5 ಲೀಟರಿನ ಕ್ಯಾನು ಕೊಳ್ಳುವುದನ್ನು ನಿಲ್ಲಿಸುವುದು. ನಾಲ್ವರ ಮನೆಗೆ ದಿನಕ್ಕೆ 27 ಗ್ರಾಮಿನಂತೆ ತಿಂಗಳಿಗೆ ಎಲ್ಲ ಜಿಡ್ಡೂ ಸೇರಿ 3240 ಗ್ರಾಂ. ಅರ್ಧ ಕಿಲೋ ತುಪ್ಪ ಕಳೆದರೆ ಉಳಿಯುವುದು ಸುಮಾರು 3 ಲೀಟರ್ ಎಣ್ಣೆ. ಎಂದರೆ ಹತ್ತು ದಿನಕ್ಕೊಂದು ಪ್ಯಾಕೆಟ್. ಹೊರಗಿನ ಬೆಣ್ಣೆ ದೋಸೆ, ಬೋಂಡಾಗಳ ಎಣ್ಣೆ ನಿಮ್ಮ ಚೀಟಿಯಲ್ಲಿ ಇರುವುದಿಲ್ಲ, ವಾರಕ್ಕೆರಡು ಸಲ ಹೊರಗೆ ತಿನ್ನುವ ಮನೆಯವರು ಇನ್ನೂ ಅರ್ಧ ಲೀಟರ್ ಕಳೆದುಕೊಳ್ಳಲಿ. ಪ್ಯಾಕೆಟಿನ ಮೇಲೆ ಒಡೆದ ದಿನಾಂಕ ಬರೆಯಿರಿ. ಏಳನೆಯ ದಿನಕ್ಕೇ ತಳ ಕಂಡರೆ ಉಳಿದ ಮೂರು ದಿನ ಇಡ್ಲಿ, ಕಡುಬು, ಸೊಪ್ಪಿನ ಸಾರು. ಯಾರನ್ನೂ ಬೈಯಬೇಕಾಗಿಲ್ಲ.

ಬಾಣಲೆ ದಪ್ಪ ತಳದ್ದಾಗಿದ್ದರೆ, ಈರುಳ್ಳಿಗೆ ಚಿಟಿಕೆ ಉಪ್ಪು ಹಾಕಿ ಮುಚ್ಚಿಟ್ಟರೆ ಅದು ತನ್ನ ನೀರಿನಲ್ಲೇ ಬಾಡುತ್ತದೆ, ಅರ್ಧ ಎಣ್ಣೆ ಸಾಕು. ಉಪ್ಪಿಟ್ಟಿನ ರವೆಯನ್ನು ಎಣ್ಣೆಯಿಲ್ಲದೆ ಹುರಿದರೂ ಉದುರುದುರಾಗಿ ಬರುತ್ತದೆ. ಎಣ್ಣೆಗಾಯಿಯನ್ನು ಮಾತ್ರ ನಾನು ಮುಟ್ಟುವುದಿಲ್ಲ. ಅದರ ಹೆಸರಿನಲ್ಲೇ ಎಣ್ಣೆ ಇದೆ. ತಿಂಗಳಿಗೆರಡು ಸಲ, ಪೂರ್ಣ ಮರ್ಯಾದೆಯೊಂದಿಗೆ ಮಾಡಿ ತಿನ್ನಬೇಕು. ಗಾಣದ ಎಣ್ಣೆಯ ಬಗ್ಗೆ ಕೇಳುವವರಿಗೆ: ರುಚಿ, ಘಮ ಖಂಡಿತ ಮೇಲು. ಕ್ಯಾಲೊರಿ ಮಾತ್ರ ಅಷ್ಟೇ. ತುಪ್ಪ, ಕೊಬ್ಬರಿ ಎಣ್ಣೆಗೂ ಇದೇ ಮಾತು.

ನಾಲ್ಕನೆಯ ಹೆಜ್ಜೆ: ಬೇಳೆಯ ಡಬ್ಬಿ ದೊಡ್ಡದಾಗಲಿ

ಕಡಿಮೆ ಮಾಡುವ ಮಾತು ಸಾಕು. ಇಲ್ಲಿ ಹೆಚ್ಚಿಸಬೇಕು. ನಾಲ್ವರಿಗೆ 85 ಗ್ರಾಮಿನಂತೆ ತಿಂಗಳಿಗೆ 10 ಕಿಲೋ ಬೇಳೆಕಾಳು. ನಾಲ್ಕರಿಂದ ಹತ್ತಕ್ಕೆ ಒಮ್ಮೆಲೇ ಜಿಗಿದರೆ ಮನೆಮಂದಿಯ ಹೊಟ್ಟೆ ಉಬ್ಬರಿಸಿ ಪ್ರಯೋಗ ಅಲ್ಲಿಗೇ ಮುಗಿಯುತ್ತದೆ. ತಿಂಗಳಿಗೊಂದೊಂದೇ ಕಿಲೋ ಏರಿಸಿ. ಕಾಳನ್ನು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಇಂಗು ಹಾಕಿ. ಮೊಳಕೆ ಕಟ್ಟಿದ ಹೆಸರುಕಾಳು, ಹುರುಳಿ ಸಾರು, ಕಡಲೆಕಾಳಿನ ಗುಗ್ಗರಿ, ಚಳಿಗಾಲದಲ್ಲಿ ಅವರೆ. ಕೋಸಂಬರಿಯನ್ನು ರಾಮನವಮಿಗೆ ಮೀಸಲಿಡುವುದೇಕೆ? ಒಣಗಿದ ಹುರುಳಿಯಲ್ಲಿ 100 ಗ್ರಾಮಿಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಮೊಟ್ಟೆ, ಮೀನು, ಮಾಂಸ ತಿನ್ನುವವರು ಬೇಳೆಯ ಒಂದು ಪಾಲನ್ನು ಅವುಗಳಿಂದ ತುಂಬಿಸಿಕೊಳ್ಳಬಹುದು. ಮೂತ್ರಪಿಂಡದ ತೊಂದರೆ ಇರುವವರು ಈ ಹೆಜ್ಜೆಯನ್ನು ವೈದ್ಯರನ್ನು ಕೇಳದೆ ಇಡಬಾರದು.

ಕಾಳು ಹೆಚ್ಚಿದ ಮನೆಯಲ್ಲಿ ಅನ್ನ ತಾನಾಗಿಯೇ ಇಳಿಯುತ್ತದೆ. ನಾವು ಗಮನಿಸಿದ್ದು ಇದು. ಗಟ್ಟಿ ಹುಳಿ, ಪಕ್ಕದಲ್ಲಿ ಒಂದು ಬಟ್ಟಲು ಉಸಲಿ ಇದ್ದ ದಿನ ಕುಕ್ಕರಿನ ತಳದಲ್ಲಿ ಅನ್ನ ಉಳಿಯಿತು. ಮೊದಲ ವಾರವೆಲ್ಲ ಚಿತ್ರಾನ್ನ ಮಾಡಿ ಮುಗಿಸಬೇಕಾಗಿ ಬಂದು, ಎಣ್ಣೆಯ ಲೆಕ್ಕ ಕೆಟ್ಟಿತು ಎಂಬುದು ಬೇರೆ ಮಾತು.

ಐದನೆಯ ಹೆಜ್ಜೆ: ಒಂದು ರಾಶಿ, ಮೂರು ಭಾಗ

ನಮ್ಮ ಊಟದ ಕ್ರಮದಲ್ಲೇ ಒಂದು ಉರುಳು ಇದೆ. ಹುಳಿಗೊಂದು ಅನ್ನ, ಸಾರಿಗೊಂದು ಅನ್ನ, ಮೊಸರಿಗೊಂದು ಅನ್ನ. ಪ್ರತಿಯೊಂದೂ 'ಸ್ವಲ್ಪವೇ'. ಕ್ರಮವನ್ನು ಬಿಡಬೇಕಿಲ್ಲ. ತಟ್ಟೆಗೆ ಮೊದಲು ಪಲ್ಯ, ಕೋಸಂಬರಿ, ಕಾಳು ಬೀಳಲಿ. ಆಮೇಲೆ ಆ ಹೊತ್ತಿಗೆ ಬೇಕಾದ ಅನ್ನವನ್ನೆಲ್ಲ ಒಮ್ಮೆಲೇ ಬಡಿಸಿಕೊಂಡು, ಬೆರಳಿನಲ್ಲಿ ಮೂರು ಭಾಗ ಮಾಡಿ. ಮೂರು ರುಚಿಗೂ ಆ ರಾಶಿಯೇ. ಅನ್ನದ ಪಾತ್ರೆ ಅಡುಗೆಕಟ್ಟೆಯ ಮೇಲೆಯೇ ಇರಲಿ, ಊಟದ ಮೇಜಿಗೆ ಬರುವುದು ಬೇಡ. ಎದ್ದು ಹೋಗಿ ಹಾಕಿಕೊಳ್ಳಬೇಕೆಂದರೆ ಅರ್ಧ ಹಸಿವು ಅಲ್ಲೇ ಸಾಯುತ್ತದೆ.

ಇಲ್ಲಿ ರಾಗಿಯ ಬಗ್ಗೆ ಎರಡು ಮಾತು. ನಾನು ಮುದ್ದೆಯ ಪಕ್ಷದವನು, ಆದರೂ ಲೆಕ್ಕ ಲೆಕ್ಕವೇ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ 355. ಪ್ರೋಟೀನಿನಲ್ಲೂ ರಾಗಿ ಮುಂದಿಲ್ಲ. ಅದರ ದೊಡ್ಡಸ್ತಿಕೆ ಇರುವುದು ನಾರು ಮತ್ತು ಸುಣ್ಣದಲ್ಲಿ: ನಾರು 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3ಕ್ಕಿಂತ ಕಡಿಮೆ, ಕ್ಯಾಲ್ಸಿಯಂ 360 ಮಿಲಿಗ್ರಾಮಿನ ಸುತ್ತ, ಅಕ್ಕಿಯಲ್ಲಿ ಹತ್ತನ್ನೂ ಮುಟ್ಟುವುದಿಲ್ಲ. ಮುದ್ದೆ ಹೊಟ್ಟೆಯಲ್ಲಿ ನಿಲ್ಲುವುದು ನಿಜ. ಆದರೆ ಎರಡು ಮುದ್ದೆ ನುಂಗಿ, ಅದರ ಮೇಲೆ ಅನ್ನವನ್ನೂ ಉಂಡು, 'ರಾಗಿ ತಿಂದೆ' ಎಂದು ನೆಮ್ಮದಿಯಾಗಿರುವುದು ಆಗದು. ಭಾರತೀಯರ ಊಟದಲ್ಲಿ ನೂರಕ್ಕೆ ಸುಮಾರು 62 ಪಾಲು ಶಕ್ತಿ ಪಿಷ್ಟ, ಸಕ್ಕರೆಗಳಿಂದಲೇ ಬರುತ್ತದೆ ಎಂದು ಐಸಿಎಂಆರ್‌ನ ಅದೇ ಸಮೀಕ್ಷೆಯ 2025ರ ವರದಿ ಹೇಳಿತು. ಒಟ್ಟು ಪಿಷ್ಟ ಇಳಿಸದೆ ಅಕ್ಕಿಯ ಜಾಗಕ್ಕೆ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟನ್ನು ತಂದು ಕೂರಿಸಿದ ಮಾತ್ರಕ್ಕೆ ಮಧುಮೇಹದ ಅಪಾಯ ಇಳಿದದ್ದು ಅದರಲ್ಲಿ ಕಾಣಲಿಲ್ಲ. ಪ್ರೋಟೀನ್ ಬಂದು ಕೂತಲ್ಲಿ ಕಂಡಿತು. ರಾಗಿ ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ನೋಡಿ, ಸಾಮಗ್ರಿಗಳ ಪಟ್ಟಿ ಹೆಚ್ಚಿನಿಂದ ಕಡಿಮೆಗೆ ಇರುತ್ತದೆ. ಮೊದಲ ಹೆಸರು ಮೈದಾ ಆಗಿದ್ದರೆ ಅದು ಮೈದಾ ಬಿಸ್ಕತ್ತು.

ಆರನೆಯ ಹೆಜ್ಜೆ: ಸಂಜೆ ಐದು ಗಂಟೆ

ಮೂರು ಹೊತ್ತು ಹದವಾಗಿ ಉಣ್ಣುವವರು ಜಾರುವುದು ಈ ಹೊತ್ತಿನಲ್ಲಿ. ಕಾಫಿ, ಜೊತೆಗೊಂದು ಖಾರಾ ಬಿಸ್ಕತ್ತು, ಬೇಕರಿ ಪಫ್, ನಿಪ್ಪಟ್ಟು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ 20 ಜನರನ್ನು ಒಳಗೇ ಇರಿಸಿಕೊಂಡು ನಡೆಸಿದ ಒಂದು ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ತಿನಿಸು, ಎರಡು ವಾರ ಸಾದಾ ಅಡುಗೆ. ಮುಂದಿಟ್ಟ ಊಟಗಳಲ್ಲಿ ಸಕ್ಕರೆ, ಕೊಬ್ಬು, ನಾರು, ಉಪ್ಪು ಸರಿಸಮ. ಬೇಕಾದಷ್ಟು ತಿನ್ನಿ ಎಂದು ಬಿಟ್ಟರೆ ಸಂಸ್ಕರಿಸಿದ ತಿನಿಸಿನ ವಾರಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಎರಡೇ ವಾರದಲ್ಲಿ ಒಂದು ಕಿಲೋದಷ್ಟು ತೂಕ ಏರಿತು. ಬೇಗ ಬೇಗ ತಿಂದಿದ್ದರು ಎಂಬುದೂ ದಾಖಲಾಗಿದೆ. ಅಗಿಯುವ ಕೆಲಸವಿಲ್ಲದ್ದು ಬೇಗ ಇಳಿಯುತ್ತದೆ.

ಆ ಹೊತ್ತಿಗೆ ಹುರಿಗಡಲೆ, ಒಂದು ಹಿಡಿ ಬೇಯಿಸಿದ ಶೇಂಗಾ, ಸೌತೆಕಾಯಿ ಹೆಚ್ಚಿ ಹಾಕಿದ ಚುರುಮುರಿ ಇದ್ದರೆ ಸಾಕು. ಹಸಿದ ಮೇಲೆ ಹುಡುಕಬಾರದು, ನಾಲ್ಕೂವರೆಗೇ ಕೈಗೆಟುಕುವಲ್ಲಿ ಇರಬೇಕು. ಸಕ್ಕರೆಯನ್ನು ಎರಡು ವಾರಕ್ಕೆ ಅರ್ಧ ಚಮಚದಂತೆ ಇಳಿಸಿದರೆ ನಾಲಿಗೆ ಗಲಾಟೆ ಮಾಡುವುದಿಲ್ಲ. 2000 ಕ್ಯಾಲೊರಿಯ ಊಟದಲ್ಲಿ ಸೇರಿಸಿದ ಸಕ್ಕರೆ 50 ಗ್ರಾಂ ಮೀರಬಾರದು, 25ರೊಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಲ್ಲ, ಜೇನುತುಪ್ಪಗಳೂ ಇದೇ ಲೆಕ್ಕದೊಳಗೆ. ಬೆಲ್ಲದ ಕಾಫಿಗೆ ಬದಲಾಯಿಸಿಕೊಂಡವರು ಬಣ್ಣ ಬದಲಾಯಿಸಿದ್ದಾರೆ, ಅಷ್ಟೇ.

ಉಪ್ಪು: ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ 5 ಗ್ರಾಂ, ನಾಲ್ವರಿಗೆ ತಿಂಗಳಿಗೆ 600 ಗ್ರಾಂ. ನಮ್ಮಲ್ಲಿ ಒಂದು ಕಿಲೋ ಮುಗಿಯುತ್ತಿತ್ತು, ಉಪ್ಪಿನಕಾಯಿ, ಹಪ್ಪಳ ಬೇರೆ.

ಯಾರು ಇದನ್ನು ಮಾಡಬಾರದು

ಬೆಳೆಯುವ ಮಕ್ಕಳು, ಗರ್ಭಿಣಿಯರು, ಬಾಣಂತಿಯರು, ತೂಕ ಇಳಿಯುತ್ತಿರುವ ಹಿರಿಯರು. ಇವರ ತಟ್ಟೆಯಲ್ಲಿ ಕಾಳು, ಸೊಪ್ಪು, ಹಾಲು ಹೆಚ್ಚಿಸಿ. ಒಟ್ಟು ಊಟ ಇಳಿಸಬೇಡಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಅನ್ನ ಅರ್ಧಕ್ಕಿಳಿಸಿದರೆ ರಕ್ತದ ಸಕ್ಕರೆ ದಿಢೀರನೆ ಕುಸಿಯಬಹುದು. ಬ್ರಿಟನ್ನಿನಲ್ಲಿ ದಿನಕ್ಕೆ ಸುಮಾರು 850 ಕ್ಯಾಲೊರಿಯ ಆಹಾರದಿಂದ ಶುರು ಮಾಡಿದ ಪ್ರಯೋಗದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಧುಮೇಹಿಗಳು ಒಂದು ವರ್ಷದ ಹೊತ್ತಿಗೆ ಮಾತ್ರೆಯಿಲ್ಲದೆ ಸಕ್ಕರೆಯನ್ನು ಹತೋಟಿಗೆ ತಂದುಕೊಂಡರು. ನಿಜ. ಆದರೆ ಅವರ ಹಿಂದೆ ಪ್ರತಿ ಹೆಜ್ಜೆಗೂ ವೈದ್ಯಕೀಯ ತಂಡವಿತ್ತು. ವಾಟ್ಸಾಪಿನಲ್ಲಿ ಓದಿ ಮನೆಯಲ್ಲಿ ಮಾಡುವ ಕೆಲಸ ಅದಲ್ಲ.

ಆರೋಗ್ಯವಂತರು ಬಹಳ ಕಡಿಮೆ ತಿಂದರೆ ಇನ್ನೂ ಒಳ್ಳೆಯದೇ ಎಂಬ ಪ್ರಶ್ನೆಗೂ ಉತ್ತರ ಹುಡುಕಿದ್ದಾರೆ. ಅಮೆರಿಕದಲ್ಲಿ ಬೊಜ್ಜಿಲ್ಲದ 218 ಜನರ ಮೇಲೆ ಎರಡು ವರ್ಷ ನಡೆದ ಪ್ರಯೋಗದಲ್ಲಿ ಕಾಲು ಪಾಲು ಕ್ಯಾಲೊರಿ ಕಡಿಮೆ ಮಾಡಬೇಕೆಂದು ಗುರಿ ಕೊಟ್ಟಿದ್ದರು. ಆದದ್ದು ನೂರಕ್ಕೆ ಸುಮಾರು 12 ಪಾಲು. ಅಷ್ಟಕ್ಕೇ ರಕ್ತದೊತ್ತಡ, ಕೆಟ್ಟ ಕೊಲೆಸ್ಟರಾಲ್ ಇಳಿದವು, ಜೊತೆಗೆ ಮೂಳೆಯ ಸಾಂದ್ರತೆಯೂ ಒಂದಿಷ್ಟು ಇಳಿಯಿತು. 2000ದ ಹನ್ನೆರಡು ಪಾಲು ಎಂದರೆ 240. ನಮ್ಮ ಚೀಟಿಯ ಹೆಚ್ಚುವರಿ ಎಣ್ಣೆ ಮತ್ತು ಧಾನ್ಯ ಕೂಡಿದರೆ ಹತ್ತಿರ ಹತ್ತಿರ ಅಷ್ಟೇ ಆಗುತ್ತದೆ.

ಏಳನೆಯ ಹೆಜ್ಜೆ: ಮತ್ತೆ ಚೀಟಿ

ದಿನವೂ ತೂಕ ನೋಡಬೇಡಿ. ತಿಂಗಳಿಗೊಮ್ಮೆ ಸೊಂಟದ ಅಳತೆ, ಮೂರು ತಿಂಗಳಿಗೊಮ್ಮೆ ಚೀಟಿಯ ಭಾಗಾಕಾರ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿರುವವರು ಎಚ್‌ಬಿಎ1ಸಿ ಪರೀಕ್ಷೆಯನ್ನು ವೈದ್ಯರು ಹೇಳಿದ ಅಂತರದಲ್ಲಿ ಮಾಡಿಸಿಕೊಳ್ಳಲಿ. ಅದು ರಕ್ತದ ಸಕ್ಕರೆಯ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುತ್ತದೆ, ಪರೀಕ್ಷೆಯ ಹಿಂದಿನ ದಿನದ ಉಪವಾಸಕ್ಕೆ ಮೋಸ ಹೋಗುವುದಿಲ್ಲ.

ನಮ್ಮ ಮನೆಯ ಎರಡನೆಯ ಹಾಳೆ ಫ್ರಿಜ್ಜಿನ ಬಾಗಿಲ ಮೇಲಿದೆ. ಎಣ್ಣೆ ಐದರಿಂದ ಮೂರೂವರೆ ಲೀಟರಿಗೆ ಇಳಿದಿದೆ, ತುಪ್ಪ ಅಷ್ಟೇ ಇದೆ. ಬೇಳೆಕಾಳು ನಾಲ್ಕರಿಂದ ಏಳು ಕಿಲೋಗೆ ಏರಿದೆ. ಧಾನ್ಯ ಮೂರು ಕಿಲೋ ಕಡಿಮೆ. ನನ್ನ ಸೊಂಟ 96ರಿಂದ 93. ಸಕ್ಕರೆಯ ಸಾಲು ಮಾತ್ರ ಇದ್ದಲ್ಲೇ ಇದೆ. ಅದರ ಮುಂದೆ ಮಗಳು ಪೆನ್ಸಿಲಿನಲ್ಲಿ ಒಂದು ಕಾಫಿ ಲೋಟದ ಚಿತ್ರ ಬರೆದಿದ್ದಾಳೆ. ಆ ಲೋಟ ನನ್ನದು.